ಉಂಗುರಗಳ ವೃತ್ತಾಂತವೂ ಆಲೂಗೆಡ್ಡೆಯ ಉಂಗುರ ರೋಗವೂ

ಸೃಷ್ಟಿಯಲ್ಲಿ ಉಂಗುರದ ಆಕಾರವು ಅನೇಕ ಕಡೆಗಳಲ್ಲಿ ತಾನಾಗಿಯೇ ಏರ್ಪಡುವುದು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಹೋಬಳಿಯ ರೈತರು ಇಂಥವುಗಳನ್ನು ದಿನವೂ ನೋಡುತ್ತಿರುವರು. ಆದರೆ ಉಂಗುರಗಳೆಲ್ಲವೂ ಒಂದೇ ಕಾರಣದಿಂದ ಉಂಟಾಗತಕ್ಕವಲ್ಲ. ಕಾರಣವನ್ನರಿತವನಿಗೆ ಒಂದೊಂದು ಉಂಗುರವೂ ಒಂದೊಂದು ಸಂಗತಿಯನ್ನು ತಿಳಿಸುವುದು.

ಹಸುವು ಗಬ್ಬವಾಗಿರುವಾಗ ಮೇವಿನ ಸಾರವು ಹೆಚ್ಚಾಗಿ ಕರುವಿಗೆ ಸಲ್ಲುವುದರಿಂದ ಕೊಂಬಿನ ಬೆಳೆವಣಿಗೆ ಕುಗ್ಗಿ, ಬುಡದಲ್ಲಿ ಒಂದು ಉಂಗುರವು ಮೂಡುವುದು. ಈ ಉಂಗುರಗಳ ಲೆಕ್ಕಕ್ಕೆ ಎರಡನ್ನು ಕೂಡಿಸಿ ವಯಸ್ಸನ್ನು ಅಂದಾಜು ಮಾಡುವ ಪದ್ಧತಿಯುಂಟು. ಸಂತೆಯಲ್ಲಿ ಕೆಲವರು ಕೊಂಬನ್ನು ಅರದಿಂದ ಉಜ್ಜಿ ಗುರುತನ್ನು ಮರೆಮಾಡುವುದರಿಂದ ಹಲ್ಲನ್ನೂ ನೋಡಿಯೇ ಕೊಳ್ಳುವುದು ಮೇಲು. ತೇಗದ ಮರದಲ್ಲಿ ಮಳೆಗಾಲದ ಬೆಳೆವಣಿಗೆಯು ಬೇಸಗೆಯಲ್ಲಿ ನಿಲ್ಲುವುದರಿಂದ ವರ್ಷಕ್ಕೊಂದು ಉಂಗುರವು ಕಾಣುವುದು. ತೆಂಗಿನ ಕಾಂಡದ ಉಂಗುರವು ಅಂಥದಲ್ಲ. ಅದು ಗರಿ ಉದುರಿದ ಗುರುತು. ಪ್ರಾಯದ ತೆಂಗು ವರ್ಷಕ್ಕೆ ಸುಮಾರು 12 ಗರಿಗಳನ್ನು ಬಿಡುವುದರಿಂದ, ಒಂದು ಉಂಗುರವನ್ನು ಒಂದು ವರ್ಷವೆಂದು ಎಣಿಸಿದರೆ ಲೆಕ್ಕವು ತಪ್ಪುವುದು.

ಇವೆಲ್ಲವೂ ಬೆಳೆವಣಿಗೆಯ ಉಂಗುರಗಳು. ಆಲೂಗೆಡ್ಡೆಯನ್ನು ಕೊಯ್ದಾಗ ಕಾಣುವ ಕಂದುಬಣ್ಣದ ಉಂಗುರವಾದರೋ ನಾಶದ ಗುರುತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್‌ಮನ್‌ರವರು 1909ನೆಯ ಇಸವಿಯಲ್ಲಿಯೇ ಈ ಉಂಗುರ ರೋಗವನ್ನು ಕುರಿತು ಒಂದು ಪತ್ರಿಕೆಯನ್ನು ಪ್ರಕಟಿಸಿದರು. ಇದಕ್ಕೆ ರಾಲ್‌ಸ್ಟೋನಿಯಾ ಸೊಲನೇಸಿಯಾರಂ ಎಂಬ ಸೂಕ್ಷ್ಮಜೀವಿಯು ಕಾರಣವು. ಇದು ಬೇರಿನ ಗಾಯದ ಮೂಲಕ ಗಿಡವನ್ನು ಹೊಕ್ಕು ನೀರು ಹರಿಯುವ ನಾಳಗಳಲ್ಲಿ ವೃದ್ಧಿಹೊಂದುವುದು. ಗೆಡ್ಡೆಯಲ್ಲಿ ಈ ನಾಳಗಳು ಸಿಪ್ಪೆಯಿಂದ ಸ್ವಲ್ಪ ಒಳಗೆ ಬಳೆಯಂತೆ ಸುತ್ತುವರಿದಿರುವುದರಿಂದ ಕೊಳೆಯೂ ಅದೇ ಆಕಾರವನ್ನು ತಾಳುವುದು.

ರೋಗ ತಗಲಿದ ಗಿಡವು ಎಲೆ ಹಸುರಾಗಿರುವಾಗಲೇ ತಟ್ಟನೆ ಬಾಡುವುದು. ನೀರಿನ ಅಭಾವದಿಂದ ಬಾಡಿತೆಂದು ಭಾವಿಸಿ ಮತ್ತಷ್ಟು ನೀರು ಹಾಯಿಸಿದರೆ ರೋಗವು ಸಾಲಿನಿಂದ ಸಾಲಿಗೆ ಹರಡುವುದು. ಸಂದೇಹವಿದ್ದರೆ ಬುಡದ ಕಾಂಡವನ್ನು ಕೊಯ್ದು ತಿಳಿನೀರಿರುವ ಗಾಜಿನ ಲೋಟದಲ್ಲಿ ತೂಗುಬಿಡತಕ್ಕದ್ದು. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಕೆಳಕ್ಕಿಳಿದರೆ ಈ ರೋಗವೆಂದೇ ತಿಳಿಯಬೇಕು. ಗೆಡ್ಡೆಯನ್ನು ಕೊಯ್ದು ಹಿಸುಕಿದರೆ ಉಂಗುರದಿಂದ ಬಿಳುಪಾದ ಲೋಳೆಯು ಒಸರುವುದು.

ರೋಗ ಹಿಡಿದ ಗಿಡವನ್ನು ಗುಣಪಡಿಸತಕ್ಕ ಔಷಧವಿಲ್ಲ, ತಡೆಯುವುದೊಂದೇ ಮಾರ್ಗ. ಕೋಲಾರ ಜಿಲ್ಲೆಗೆ ಜಲಂಧರಿನ ಕಡೆಯಿಂದ ಬಿತ್ತನೆ ಗೆಡ್ಡೆಯು ಬರುವುದುಂಟು. ಎಲ್ಲಿಂದ ಬಂದರೂ ರೋಗವಿಲ್ಲದ ಹೊಲದ ಬೀಜವೆಂದು ದೃಢಪಡಿಸಿಕೊಳ್ಳತಕ್ಕದ್ದು. ಉಂಗುರವು ಕಾಣದ ಗೆಡ್ಡೆಯಲ್ಲಿಯೂ ರೋಗವು ಅಡಗಿರಬಹುದು. ಸಾಧ್ಯವಾದಷ್ಟು ಇಡೀ ಗೆಡ್ಡೆಯನ್ನೇ ನೆಡುವುದು ಉತ್ತಮ. ಹೋಳು ಮಾಡಲೇಬೇಕಾದರೆ ಚಾಕುವನ್ನು ಆಗಾಗ್ಗೆ ಶುದ್ಧಿಮಾಡಬೇಕು. ಇಲ್ಲದಿದ್ದರೆ ಒಂದು ಕೆಟ್ಟ ಗೆಡ್ಡೆಯಿಂದ ಅನೇಕ ಗೆಡ್ಡೆಗಳು ಕೆಡುವುವು. ಬಾಡಿದ ಗಿಡವನ್ನು ಗೆಡ್ಡೆಸಹಿತ ಕಿತ್ತು ಸುಡತಕ್ಕದ್ದು, ತಿಪ್ಪೆಗೆ ಹಾಕಕೂಡದು.

ಅಂಥ ಹೊಲದಲ್ಲಿ ಮುಂದೆ ಟೊಮೇಟೊ, ಬದನೆ, ಮೆಣಸಿನಕಾಯಿಗಳನ್ನು ಬೆಳೆಯುವುದು ರೋಗವನ್ನು ಸಾಕಿದಂತೆಯೇ ಸರಿ. ಇವೂ ಅದಕ್ಕೆ ಆಹಾರಗಳೇ. ಎರಡು ಮೂರು ವರ್ಷಗಳ ಕಾಲ ರಾಗಿ, ಜೋಳ ಮುಂತಾದುವನ್ನು ಬೆಳೆದರೆ ರೋಗದ ಬಲವು ತಗ್ಗುವುದು. ತರಕಾರಿಯಿಂದ ಬರುವ ಹಣವನ್ನು ನಂಬಿರುವವನಿಗೆ ಇದು ಕಷ್ಟವಾದ ಮಾತೇ ಸರಿ. ಆದರೆ ಬೀಜದ ಹಣ, ಗೊಬ್ಬರದ ಹಣ, ಕೂಲಿ ಎಲ್ಲವೂ ಒಂದೇ ವಾರದಲ್ಲಿ ಬಾಡಿಹೋಗುವ ನಷ್ಟಕ್ಕಿಂತ ರಾಗಿಯ ಅಲ್ಪಲಾಭವೇ ಲೇಸು.

ರೋಗವು ಒಬ್ಬನ ಬದುವಿನೊಳಗೆ ನಿಲ್ಲುವುದಿಲ್ಲ. ಮೇಲಿನ ಹೊಲದ ನೀರು ಕೆಳಗಿನವನ ಹೊಲಕ್ಕೆ ಇಳಿಯುವುದು. ಒಬ್ಬನು ಮುಚ್ಚಿಟ್ಟು ಮಾರಿದ ಗೆಡ್ಡೆಯು ನೆಂಟನ ಭೂಮಿಯನ್ನು ಕೆಡಿಸುವುದು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ರೋಗವು ಕಂಡಾಗ ಅದನ್ನು ಮರೆಮಾಚದೆ ನೆರೆಯವರಿಗೆ ತಿಳಿಸಿ, ಅಂಥ ಗೆಡ್ಡೆಯು ಬಿತ್ತನೆಗೆ ಹೋಗದಂತೆ ನೋಡಿಕೊಳ್ಳಬೇಕು. ನಾಟಿಗೆ ಮುಂಚೆ ಮೂಟೆಗೆ ಕೆಲವು ಗೆಡ್ಡೆಗಳನ್ನು ಕೊಯ್ದು ನೋಡುವುದಕ್ಕೆ ಬೇಕಾದುದು ಒಂದು ಚಾಕು, ಸ್ವಲ್ಪ ಹೊತ್ತು, ಅಷ್ಟೇ.