ಬಸ್ಸು ಅತ್ತ, ಮಳೆ ಇತ್ತ... ನಿಮ್ಮ ಬ್ಯಾಗಿನಲ್ಲಿ ಏನಿದೆ?

ಮಗಳೋ ಮಗನೋ ಬ್ರಿಟನ್ನಿನಲ್ಲಿ ಕೆಲಸದಲ್ಲಿದ್ದಾರೆ. ಈ ಸಲ ನೀವೂ ಯಜಮಾನರೂ ಅಲ್ಲಿಗೆ ಹೊರಟಿದ್ದೀರಿ. ಮಕ್ಕಳಿಗೆ ಸಿಗುವುದೇ ನಾಲ್ಕು ದಿನದ ರಜೆ. 'ಅಮ್ಮಾ, ಕೋಚ್ ಟೂರ್ ಬುಕ್ ಮಾಡಿದೀನಿ, ಸ್ಕಾಟ್ಲೆಂಡ್ ನೋಡ್ಕೊಂಡು ಬರೋಣ' ಎಂದು ಫೋನಿನಲ್ಲಿ ಹೇಳಿದ್ದೇ ತಡ, ನಿಮ್ಮ ತಲೆಯಲ್ಲಿ ಪಟ್ಟಿ ಶುರು! ಚಟ್ನಿಪುಡಿ, ಯಜಮಾನರ ಮಾತ್ರೆ, ಮೊಮ್ಮಗಳ ಟೋಪಿ, ಅಳಿಯಂದಿರಿಗೆ ಕೋಡುಬಳೆ... ಎಲ್ಲರದ್ದೂ ಆಯಿತು. ನಿಮ್ಮದು? 'ನಂದೇನು ಬಿಡಿ, ಒಂದು ಸ್ವೆಟರು, ಒಂದು ಶಾಲು ಇದ್ರೆ ಸಾಕು' ಅಂತೀರಿ, ಅಲ್ಲವೇ?

ತೊಂದರೆ ಶುರುವಾಗುವುದೇ ಅಲ್ಲಿ. ಸೆರಗು ನೆನೆದು, ಚಪ್ಪಲಿ ಒದ್ದೆಯಾಗಿ, ಮೈ ನಡುಗುತ್ತಿರುವಾಗ ಎಷ್ಟು ಚೆಂದದ ಸರೋವರ ಎದುರಿಗಿದ್ದರೇನು? 'ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ' ಎನ್ನುವ ಮಾತು ತಾನಾಗಿ ಬಾಯಿಗೆ ಬರುತ್ತದೆ. ವರ್ಷಗಟ್ಟಲೆ ಕಾದು, ಇಷ್ಟು ದೂರ ಹಾರಿ ಹೋಗಿ, ಕಿಟಕಿಯ ಗಾಜಿನಿಂದ ಸ್ಕಾಟ್ಲೆಂಡ್ ನೋಡಿ ಬರುವುದು ಬೇಕೇ? ಹೊರಡುವ ಮೊದಲು ನಿಮ್ಮ ಪೆಟ್ಟಿಗೆಯ ಬಗ್ಗೆಯೂ ಅರ್ಧ ಗಂಟೆ ಯೋಚಿಸಿ.

ಇದು ಊಟಿ ಚಳಿಯಲ್ಲ

ಚಳಿಗೆ ನಾವು ಹೊಸಬರಲ್ಲ. ಊಟಿ, ಮಡಿಕೇರಿ ಎಲ್ಲ ನೋಡಿದವರೇ. ಆದರೆ ಬ್ರಿಟನ್ನಿನಲ್ಲಿ ಪೀಡಿಸುವುದು ಚಳಿಗಿಂತ ಹೆಚ್ಚಾಗಿ ಅಲ್ಲಿನ ಹವೆಯ ಚಂಚಲತೆ. ಬೆಳಿಗ್ಗೆ ಬಿಸಿಲು, ಹತ್ತಕ್ಕೆ ತುಂತುರು, ಹನ್ನೊಂದಕ್ಕೆ ಗಾಳಿ, ಮಧ್ಯಾಹ್ನ ಮತ್ತೆ ಬಿಸಿಲು. ಅಟ್ಲಾಂಟಿಕ್ ಸಾಗರದ ಮೇಲಿಂದ ಒಂದರ ಹಿಂದೆ ಒಂದು ಬರುವ ವಾಯುಭಾರ ಕುಸಿತಗಳು ಈ ದ್ವೀಪದ ಮೇಲೆಯೇ ಹಾದು ಹೋಗುತ್ತವೆ. ಉತ್ತರದ ತಣ್ಣನೆ ಗಾಳಿ, ದಕ್ಷಿಣದ ಬೆಚ್ಚನೆ ಗಾಳಿ ಎರಡೂ ಇಲ್ಲೇ ಮುಖಾಮುಖಿ. ಹಾಗಾಗಿ ಒಂದೇ ದಿನದಲ್ಲಿ ನಾಲ್ಕು ಋತು.

ಒಂದು ಸ್ವಾರಸ್ಯ ಗೊತ್ತೇ? ಲಂಡನ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ನಮ್ಮ ಬೆಂಗಳೂರಿನಲ್ಲಿ ಬೀಳುವುದು ಸುಮಾರು 970 ಮಿ.ಮೀ! ಆದರೆ ನಮ್ಮ ಮಳೆ ಸಂಜೆ ಹೊತ್ತು ಧೋ ಎಂದು ಸುರಿದು ನಿಂತುಬಿಡುತ್ತದೆ. ಅಂಗಡಿ ಬಾಗಿಲಲ್ಲಿ ನಿಂತು ಕಾದರಾಯಿತು. ಅಲ್ಲಿಯದು ವರ್ಷದಲ್ಲಿ ನೂರಕ್ಕೂ ಹೆಚ್ಚು ದಿನ ಹಂಚಿಕೊಂಡು ಬೀಳುವ ಸೋನೆ. ಅದು ನಿಲ್ಲಲಿ ಎಂದು ಕಾದರೆ ಟೂರೇ ಮುಗಿದುಹೋಗುತ್ತದೆ. ಮಳೆಯಲ್ಲೇ ನಡೆಯುವ ತಯಾರಿ ಬೇಕು.

ಎಲ್ಲಿಗೆ ಹೋಗುತ್ತೀರಿ ಎನ್ನುವುದನ್ನೂ ನೋಡಿಕೊಳ್ಳಿ. ನಮ್ಮ ಆಗುಂಬೆಗೂ ಚಿತ್ರದುರ್ಗಕ್ಕೂ ಎಷ್ಟು ವ್ಯತ್ಯಾಸವೋ, ಅಲ್ಲಿಯೂ ಹಾಗೆಯೇ. ಪಶ್ಚಿಮದ ಬೆಟ್ಟಗಳು ಮೋಡವನ್ನು ತಡೆದು ಮಳೆ ಸುರಿಸಿಕೊಳ್ಳುತ್ತವೆ, ಪೂರ್ವಕ್ಕೆ ಉಳಿದದ್ದು. ಎಡಿನ್‌ಬರೋ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಾದರೆ, ಅದೇ ಸ್ಕಾಟ್ಲೆಂಡಿನ ಪಶ್ಚಿಮದ ಫೋರ್ಟ್ ವಿಲಿಯಂನಲ್ಲಿ ಸುಮಾರು 2,000 ಮಿ.ಮೀ. ಲೇಕ್ ಡಿಸ್ಟ್ರಿಕ್ಟಿನ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ 3,000 ಮಿ.ಮೀ. ದಾಟುತ್ತದೆ. ನಿಮ್ಮ ಟೂರು ಲೇಕ್ ಡಿಸ್ಟ್ರಿಕ್ಟ್, ವೇಲ್ಸ್, ಗ್ಲೆನ್‌ಕೋ, ಸ್ಕೈ ದ್ವೀಪದ ಕಡೆಗಾದರೆ ಮಳೆ ಬಂದೇ ಬರುತ್ತದೆ ಅಂತಲೇ ಲೆಕ್ಕ ಹಾಕಿ.

ಇನ್ನು ಬೇಸಿಗೆ. ಎಡಿನ್‌ಬರೋದಲ್ಲಿ ಜುಲೈ ತಿಂಗಳ ಹಗಲಿನ ಸರಾಸರಿ ಗರಿಷ್ಠ ತಾಪ ಸುಮಾರು 19 ಡಿಗ್ರಿ ಸೆಲ್ಸಿಯಸ್, ರಾತ್ರಿ ಸುಮಾರು 11. ಅಂದರೆ ಅವರ ಬೇಸಿಗೆಯ ರಾತ್ರಿ ನಮ್ಮ ಬೆಂಗಳೂರಿನ ಜನವರಿ ರಾತ್ರಿಗಿಂತ ತಣ್ಣಗೆ! ಹಾಗಂತ ಬರೀ ಉಣ್ಣೆ ಬಟ್ಟೆ ತುಂಬಿಕೊಂಡೂ ಹೋಗಬೇಡಿ. 2022ರ ಜುಲೈ 19ರಂದು ಇಂಗ್ಲೆಂಡಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಗಿತ್ತು. ತೆಳು ಹತ್ತಿಯ ಒಂದು ಜೊತೆ ಉಡುಪು ಪೆಟ್ಟಿಗೆಯ ಮೂಲೆಯಲ್ಲಿ ಇರಲೇಬೇಕು.

ಬಸ್ಸು ನಿಮಗಾಗಿ ಕಾಯುವುದಿಲ್ಲ

ಕಾರಿನಲ್ಲಿ ಹೋದರೆ ಮಳೆ ಬಂದಾಗ ಓಡಿಬಂದು ಡಿಕ್ಕಿ ತೆಗೆದು ಸ್ವೆಟರು ಹುಡುಕಬಹುದು. ಕೋಚ್ ಟೂರಿನಲ್ಲಿ ಹಾಗಾಗುವುದಿಲ್ಲ. ದೊಡ್ಡ ಊರುಗಳಲ್ಲಿ ಬಸ್ಸು ನಿಮ್ಮನ್ನು ಒಂದು ಕಡೆ ಇಳಿಸಿ, ದೂರದ ಪಾರ್ಕಿಂಗಿಗೆ ಹೊರಟುಹೋಗುತ್ತದೆ. 'ಎರಡೂವರೆಗೆ ಇದೇ ಜಾಗಕ್ಕೆ ಬನ್ನಿ' ಎಂದು ಗೈಡ್ ಹೇಳಿದರೆ ಮುಗಿಯಿತು, ಅಲ್ಲಿಯವರೆಗೆ ನಿಮ್ಮ ಹೆಗಲ ಮೇಲೆ ಏನಿದೆಯೋ ಅದೇ ನಿಮ್ಮ ಆಸ್ತಿ. ಹವೆ ಬದಲಾಗಲು ಅರ್ಧ ಗಂಟೆ ಸಾಕು, ಬಸ್ಸು ಬರಲು ಎರಡು ಗಂಟೆ ಬೇಕು. ಸೀಟಿನ ಮೇಲೆ ಬಿಟ್ಟ ಜಾಕೆಟ್ ಯಾರಿಗೂ ಉಪಯೋಗವಿಲ್ಲ.

ಸ್ಟೋನ್‌ಹೆಂಜ್‌ನ ಉದಾಹರಣೆ ತೆಗೆದುಕೊಳ್ಳಿ. ಪ್ರವಾಸಿ ಬಸ್ಸುಗಳು ನಿಲ್ಲುವುದು ವಿಸಿಟರ್ ಸೆಂಟರಿನ ಹತ್ತಿರ. ಕಲ್ಲುಗಳಿರುವುದು ಅಲ್ಲಿಂದ ಎರಡು ಕಿಲೋಮೀಟರಿಗೂ ದೂರ, ಬೇರೆ ಬಸ್ಸಿನಲ್ಲಿ ಹೋಗಬೇಕು. ಅಲ್ಲಿ ಬಟಾಬಯಲು. ಒಂದು ಮರದ ನೆರಳೂ ಇಲ್ಲ, ಗಾಳಿ ಮಾತ್ರ ಧಾರಾಳ. 'ಅಯ್ಯೋ, ಸ್ಕಾರ್ಫ್ ಬಸ್ಸಲ್ಲೇ ಉಳೀತು' ಅಂದರೆ ಏನು ಪ್ರಯೋಜನ?

ಬೆಟ್ಟದ ರೈಲಿನ ಕಥೆಯೂ ಇದೇ. ಎತ್ತರಕ್ಕೆ ಹೋದಂತೆ ಪ್ರತಿ 1,000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಉಷ್ಣಾಂಶ ಇಳಿಯುತ್ತದೆ. ವೇಲ್ಸ್‌ನ ಸ್ನೋಡನ್ ಬೆಟ್ಟ 1,085 ಮೀಟರ್ ಎತ್ತರ. ಕೆಳಗೆ 17 ಡಿಗ್ರಿ ಇದ್ದರೆ ಮೇಲೆ ಹತ್ತು, ಜೊತೆಗೆ ಗಾಳಿ ಮತ್ತು ಮಂಜು. ಕೆಳಗಿನ ಬಿಸಿಲು ನೋಡಿ ಮೋಸಹೋಗಬೇಡಿ.

ಮೂರು ಪದರದ ಲೆಕ್ಕ

ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರಗಳು ಮೇಲು. ಬಟ್ಟೆಗಳ ನಡುವೆ ನಿಲ್ಲುವ ಗಾಳಿಯೇ ಮೈ ಬೆಚ್ಚಗಿಡುತ್ತದೆ. ಜೊತೆಗೆ ಬಸ್ಸಿನೊಳಗೆ ಹೀಟರ್ ಹಾಕಿದಾಗ ಒಂದೊಂದಾಗಿ ಬಿಚ್ಚಬಹುದು, ಇಳಿಯುವಾಗ ಒಂದೊಂದಾಗಿ ಏರಿಸಬಹುದು.

ಒಳಗಿನದು ತೆಳುವಾದ ಪೂರ್ತಿ ತೋಳಿನ ಟಾಪ್. ಬೇಸಿಗೆಯ ಟೂರಿಗೆ ದಪ್ಪ ಥರ್ಮಲ್ ಬೇಡ. ಬಸ್ಸಿನಲ್ಲಿ ಬೆವರಿದರೆ ಅದನ್ನು ತೆಗೆಯುವುದಕ್ಕೂ ಆಗುವುದಿಲ್ಲ, ಆ ಬೆವರೇ ಹೊರಗೆ ಬಂದಾಗ ಚಳಿ ಹುಟ್ಟಿಸುತ್ತದೆ.

ನಡುವಿನದು ಫ್ಲೀಸ್ ಜಾಕೆಟ್ ಅಥವಾ ಉಣ್ಣೆಯ ಕಾರ್ಡಿಗನ್. ಫ್ಲೀಸ್ ಅಂದರೆ ಉಣ್ಣೆಯಂತೆ ಮೆತ್ತಗಿದ್ದು, ಹಗುರವಾಗಿ, ಬೇಗ ಒಣಗುವ ಪಾಲಿಯೆಸ್ಟರ್ ಬಟ್ಟೆ. ಮುಂದೆ ಜಿಪ್ ಅಥವಾ ಗುಂಡಿ ಇರುವುದನ್ನೇ ಆರಿಸಿ. ತಲೆಯ ಮೇಲಿಂದ ಎಳೆದು ಹಾಕುವ ಸ್ವೆಟರು ಸೀಟಿನಲ್ಲಿ ಕೂತು ಬಿಚ್ಚುವಾಗ ಕ್ಲಿಪ್ಪಿಗೆ, ಸರಕ್ಕೆ, ಓಲೆಗೆ ಸಿಕ್ಕಿಕೊಂಡು ಫಜೀತಿ.

ಹೊರಗಿನದೇ ಮುಖ್ಯ. ತಲೆಗೆ ಟೋಪಿ ಇರುವ ಹಗುರವಾದ ರೇನ್‌ಜಾಕೆಟ್. ಲೇಬಲ್ ಓದಿ ಕೊಳ್ಳಿ. 'ಶವರ್‌ಪ್ರೂಫ್' ಅಥವಾ 'ವಾಟರ್ ರಿಪೆಲೆಂಟ್' ಎಂದಿದ್ದರೆ ಅದು ಹತ್ತು ನಿಮಿಷದ ತುಂತುರಿಗೆ ಮಾತ್ರ. 'ವಾಟರ್‌ಪ್ರೂಫ್' ಎಂದಿರಬೇಕು, ಒಳಗಡೆ ಹೊಲಿಗೆಗಳ ಮೇಲೆ ಟೇಪ್ ಅಂಟಿಸಿರಬೇಕು. ಇಲ್ಲದಿದ್ದರೆ ನೀರು ಹೊಲಿಗೆಯ ತೂತಿನಿಂದಲೇ ಇಳಿಯುತ್ತದೆ. ನಿಮ್ಮ ಅಳತೆಗಿಂತ ಒಂದು ಸೈಜ್ ದೊಡ್ಡದು ತೊಗೊಳ್ಳಿ, ಕಾರ್ಡಿಗನ್ ಮೇಲೆ ಸಲೀಸಾಗಿ ಕೂರಬೇಕು.

ಅಂದಹಾಗೆ, ನೀರು ಇಳಿಯದ ಬಟ್ಟೆ ಈ ನಾಡಿನದೇ ಕೊಡುಗೆ. ಗ್ಲಾಸ್ಗೋದ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಮ್ಯಾಕಿಂತೋಶ್ ಎರಡು ಬಟ್ಟೆಗಳ ನಡುವೆ ರಬ್ಬರ್ ಪದರವಿಟ್ಟು 1823ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಅಲ್ಲಿನವರು ರೇನ್‌ಕೋಟಿಗೆ 'ಮ್ಯಾಕ್' ಅನ್ನುವುದು ಅವನ ಹೆಸರಿನಿಂದಲೇ.

ಛತ್ರಿ ಬೇಡವೇ? ಪೇಟೆ ಬೀದಿಗೆ ಪುಟ್ಟದೊಂದು ಇರಲಿ. ಆದರೆ ಬಯಲಿನಲ್ಲಿ, ದೋಣಿಯ ಡೆಕ್ಕಿನ ಮೇಲೆ ಗಾಳಿ ಬೀಸಿದರೆ ಛತ್ರಿ ಮಗುಚಿಕೊಳ್ಳುತ್ತದೆ. ಮೊಮ್ಮಗುವಿನ ಕೈ ಹಿಡಿಯಲು, ಮೆಟ್ಟಿಲ ಕಂಬಿ ಹಿಡಿಯಲು ಕೈ ಖಾಲಿ ಇರುವುದೇ ಒಳ್ಳೆಯದು.

ಸೀರೆಯನ್ನೇ ಉಡುವವರಿಗೆ

'ನಂಗೆ ಪ್ಯಾಂಟು ಅಭ್ಯಾಸ ಇಲ್ಲಪ್ಪ' ಎನ್ನುವವರು ಬೇಸರಿಸಬೇಕಾಗಿಲ್ಲ. ಸೀರೆಯಲ್ಲೂ ಆರಾಮವಾಗಿ ಸುತ್ತಬಹುದು. ಕಾಟನ್ ಮಾತ್ರ ಬೇಡ. ಐದೂವರೆ ಮೀಟರ್ ಹತ್ತಿ ಬಟ್ಟೆ ನೀರು ಹೀರಿಕೊಂಡರೆ ಸಂಜೆಯವರೆಗೂ ಒಣಗುವುದಿಲ್ಲ, ಮೈಗೆ ಅಂಟಿಕೊಂಡು ಶಾಖವನ್ನೆಲ್ಲ ಎಳೆದುಬಿಡುತ್ತದೆ. ಜೀನ್ಸ್ ಕೂಡ ಇದೇ ಜಾತಿ. ಸಿಂಥೆಟಿಕ್ ಕ್ರೇಪ್ ಅಥವಾ ಜಾರ್ಜೆಟ್ ಸೀರೆ ಕೊಡವಿದರೆ ಅರ್ಧ ಒಣಗಿರುತ್ತದೆ. ಲಂಗದ ಒಳಗೆ ಉದ್ದನೆಯ ಲೆಗ್ಗಿಂಗ್ಸ್ ಹಾಕಿ, ಸೀರೆಯನ್ನು ಎರಡು ಬೆರಳು ಮೇಲೆತ್ತಿ ಉಡಿ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಕಾರ್ಡಿಗನ್, ಜಾಕೆಟ್. ಚೂಡಿದಾರ್ ಹಾಕುವವರು ಉದ್ದ ದುಪಟ್ಟಾ ಬದಲು ಚಿಕ್ಕ ಉಣ್ಣೆಯ ಸ್ಕಾರ್ಫ್ ಕಟ್ಟಿಕೊಳ್ಳಿ.

ಕಾಲಿಗೆ ಚಪ್ಪಲಿ ಬೇಡವೇ ಬೇಡ. ಸ್ಕಾಟ್ಲೆಂಡಿನ ಹಳೆಯ ಊರುಗಳ ಕಲ್ಲು ಹಾಸಿನ ಬೀದಿಗಳು ಮಳೆಯಲ್ಲಿ ಜಾರುತ್ತವೆ. ಅಡಿಗೆ ಒಳ್ಳೆಯ ಹಿಡಿತವಿರುವ ವಾಕಿಂಗ್ ಶೂ ಸಾಕು. ಹೊಸದಾದರೆ ಎರಡು ವಾರ ಮೊದಲೇ ಇಲ್ಲಿ ಪಾರ್ಕಿನಲ್ಲಿ ಹಾಕಿಕೊಂಡು ನಡೆದು ಪಳಗಿಸಿ. ಕಾಲುಚೀಲ ದಿನಕ್ಕೆ ಎರಡು ಜೊತೆಯಂತೆ ಲೆಕ್ಕ. ಒಣ ಕಾಲುಚೀಲದ ಸುಖ ಒದ್ದೆಯಾದವರಿಗೇ ಗೊತ್ತು!

ಡಿಕ್ಕಿಗೆ ಒಂದು, ಹೆಗಲಿಗೆ ಒಂದು

ಕೋಚ್ ಟೂರುಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಸೂಟ್‌ಕೇಸ್. ಅದು ಡಿಕ್ಕಿ ಸೇರಿದರೆ ರಾತ್ರಿ ಹೋಟೆಲಿನಲ್ಲೇ ದರ್ಶನ. ನಾಲ್ಕು ದಿನಕ್ಕೆ ಎರಡು ಕೆಳಗಿನ ಉಡುಪು, ನಾಲ್ಕು ಟಾಪ್, ಒಂದು ಬೆಚ್ಚನೆ ರಾತ್ರಿಯುಡುಪು, ಬೇಕಾದಷ್ಟು ಒಳ ಉಡುಪು, ತೆಳು ಹತ್ತಿಯ ಒಂದು ಜೊತೆ ಇದ್ದರೆ ಬೇಕಾದಷ್ಟಾಯಿತು. ಚೌಕ ಪಿನ್ನಿನ ಅಡಾಪ್ಟರ್ ಮರೆಯಬೇಡಿ. ಅಲ್ಲಿನ ಪ್ಲಗ್ ಬೇರೆ, ನಮ್ಮ ದುಂಡು ಪಿನ್ ಹೋಗುವುದಿಲ್ಲ.

ಇನ್ನು ಹೆಗಲ ಬ್ಯಾಗು. ಇದು ಬಸ್ಸಿನಿಂದ ಇಳಿದಾಗಲೆಲ್ಲ ನಿಮ್ಮ ಜೊತೆಯೇ ಇಳಿಯಬೇಕು.

* ರೇನ್‌ಜಾಕೆಟ್ - ಎಲ್ಲಕ್ಕಿಂತ ಮೇಲೆ, ಕೈಗೆ ಸಿಗುವಂತೆ
* ಕಾರ್ಡಿಗನ್ ಅಥವಾ ಫ್ಲೀಸ್, ಸ್ಕಾರ್ಫ್, ಕಿವಿ ಮುಚ್ಚುವ ಟೋಪಿ
* ಒಂದು ಜೊತೆ ಒಣ ಕಾಲುಚೀಲ, ಚಿಕ್ಕ ಟವೆಲ್
* ಒದ್ದೆ ಬಟ್ಟೆ ಹಾಕಲು ಎರಡು ಪ್ಲಾಸ್ಟಿಕ್ ಕವರ್
* ಆ ದಿನದ ಮಾತ್ರೆಗಳು, ವೈದ್ಯರ ಚೀಟಿ
* ತಂಪು ಕನ್ನಡಕ, ಸನ್‌ಸ್ಕ್ರೀನ್ - ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ
* ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಬೇಸಿಗೆಯಲ್ಲಿ ಹೋಗುವವರು ಕೀಟ ನಿವಾರಕ ಕ್ರೀಮ್. 'ಮಿಡ್ಜ್' ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜು ಗುಂಪುಗುಂಪಾಗಿ ಕಚ್ಚುತ್ತದೆ
* ನೀರಿನ ಬಾಟಲಿ, ಒಣ ತಿಂಡಿ

ಪಾಸ್‌ಪೋರ್ಟ್, ಫೋನು, ಹಣ ಜಿಪ್ ಇರುವ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿರಲಿ. ಪ್ರತಿ ರಾತ್ರಿ ಮಲಗುವ ಮೊದಲು ಮೆಟ್ ಆಫೀಸ್ ಆ್ಯಪ್‌ನಲ್ಲಿ ಮರುದಿನ ಹೋಗುವ ಊರಿನ ಹವಾಮಾನ ನೋಡಿ. ಈಗ ಇರುವ ಊರಿನದಲ್ಲ!

ನೀರು ಕುಡಿಯುವುದನ್ನು ಬಿಡಬೇಡಿ

ಬಾಯಿಬಿಟ್ಟು ಹೇಳದ ಇನ್ನೊಂದು ವಿಷಯವಿದೆ. ದಾರಿಯಲ್ಲಿ ಟಾಯ್ಲೆಟ್ ಸಿಗದಿದ್ದರೆ ಎಂಬ ಭಯಕ್ಕೆ ನಮ್ಮಲ್ಲಿ ಎಷ್ಟೋ ಹೆಂಗಸರು ಪ್ರಯಾಣದ ದಿನ ನೀರೇ ಕುಡಿಯುವುದಿಲ್ಲ. ಚಳಿಯಲ್ಲಿ ಬಾಯಾರಿಕೆಯೂ ಕಡಿಮೆ, ಮೂತ್ರ ಮಾತ್ರ ಜಾಸ್ತಿ. ನೀರು ಬಿಟ್ಟರೆ ತಲೆನೋವು, ಉರಿಮೂತ್ರ ಗ್ಯಾರಂಟಿ. ಹೆದ್ದಾರಿಯ ಸರ್ವೀಸ್ ಸ್ಟೇಷನ್‌ಗಳಲ್ಲಿ ಟಾಯ್ಲೆಟ್ ಉಚಿತ, ಬಸ್ಸು ನಿಂತಾಗಲೆಲ್ಲ ಇಳಿದು ಹೋಗಿಬನ್ನಿ. ದೂರದ ಕೋಚ್‌ಗಳಲ್ಲಿ ಒಳಗೇ ಪುಟ್ಟ ಟಾಯ್ಲೆಟ್ ಇರುವುದೂ ಉಂಟು. ಉಡುಪು ಆರಿಸುವಾಗಲೇ, ಇಕ್ಕಟ್ಟಾದ ಜಾಗದಲ್ಲಿ ಸಂಭಾಳಿಸಬಹುದೇ ಎಂದು ಯೋಚಿಸಿ.

ರಾತ್ರಿ ಹೋಟೆಲಿನಲ್ಲಿ

ಒದ್ದೆ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಅರ್ಧ ನೀರು ಟವೆಲಿಗೇ ಹೋಗುತ್ತದೆ. ನಂತರ ಹ್ಯಾಂಗರಿನಲ್ಲಿ ಹಾಕಿ. ಕರೆಂಟ್ ಹೀಟರ್ ಮೇಲೆ ಮಾತ್ರ ಬಟ್ಟೆ ಹರಡಬೇಡಿ, ಬೆಂಕಿ ಹತ್ತೀತು. ಶೂ ಒಳಗೆ ಹಳೆಯ ಪೇಪರ್ ತುರುಕಿಟ್ಟರೆ ಬೆಳಿಗ್ಗೆಗೆ ಸುಮಾರಾಗಿ ಒಣಗಿರುತ್ತದೆ.

ಕೊನೆಯದಾಗಿ ಒಂದು ಮಾತು. ಮನೆಯವರೆಲ್ಲರ ಸ್ವೆಟರು, ಟೋಪಿ, ನೀರಿನ ಬಾಟಲಿ ಎಲ್ಲ ನಿಮ್ಮ ಹೆಗಲಿಗೇ ಬರುವುದು ನಮ್ಮ ಮನೆಗಳ ರೂಢಿ. ಈ ಸಲ ಬೇಡ. ಯಜಮಾನರಿಗೂ ಒಂದು ಬ್ಯಾಗು, ಮೊಮ್ಮಗಳಿಗೂ ಒಂದು ಪುಟ್ಟ ಬ್ಯಾಗು ಕೊಟ್ಟು, ಅವರವರ ಜಾಕೆಟ್ ಅವರವರೇ ಹೊರಲಿ ಎಂದು ಹೊರಡುವ ಮೊದಲೇ ಹೇಳಿಬಿಡಿ. ಆಗ ಮಳೆ ಬಂದಾಗ ನಿಮ್ಮ ಜಾಕೆಟ್ಟನ್ನು ಇನ್ಯಾರಿಗೋ ಹೊದಿಸಿ ನೀವು ನಡುಗುತ್ತಾ ನಿಲ್ಲುವ ಪ್ರಸಂಗ ಬರುವುದಿಲ್ಲ. ಹೊರಡುವ ಹಿಂದಿನ ವಾರ ಒಂದು ದಿನ ಎಲ್ಲ ಪದರ ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ, ಮನೆಯ ಮೆಟ್ಟಿಲು ಎರಡು ಸಲ ಹತ್ತಿ ಇಳಿಯಿರಿ. ಭಾರ ಅನ್ನಿಸಿದರೆ ಅಲ್ಲೇ ಏನಾದರೂ ತೆಗೆದುಬಿಡಿ. ರೇನ್‌ಜಾಕೆಟ್ ಮಾತ್ರ ತೆಗೆಯಬೇಡಿ!