ಇಪ್ಪತ್ತು ನ್ಯಾನೋಮೀಟರಿನ ಸಂದಿ

ನರ ಎಂದರೆ ಮೈಯೊಳಗಿನ ವೈರು, ಮಿದುಳು ಎಂದರೆ ಆ ವೈರುಗಳೆಲ್ಲ ಬಂದು ಸೇರುವ ಸ್ವಿಚ್‌ಬೋರ್ಡು. ಶಾಲೆಯ ದಿನಗಳಿಂದ ನಮ್ಮ ತಲೆಯಲ್ಲಿ ಕೂತಿರುವ ಚಿತ್ರ ಇದು. ಇದು ಪೂರ್ತಿ ಸುಳ್ಳೂ ಅಲ್ಲ. 1780ರ ದಶಕದಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಲುಯಿಜಿ ಗಾಲ್ವಾನಿ ಸತ್ತ ಕಪ್ಪೆಯ ನರಕ್ಕೆ ವಿದ್ಯುತ್ತು ತಾಗಿಸಿದಾಗ ಅದರ ಕಾಲು ಝಾಡಿಸಿತ್ತು. ನರಕ್ಕೂ ವಿದ್ಯುತ್ತಿಗೂ ನಂಟಿದೆ ಎಂಬುದು ಇಂದು ಯಾರೂ ಅಲ್ಲಗಳೆಯದ ಸಂಗತಿ. ಆದರೆ ವೈರಿನ ಚಿತ್ರದಲ್ಲಿ ಮುಖ್ಯವಾದದ್ದೊಂದು ಕಾಣುವುದೇ ಇಲ್ಲ. ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡಿಲ್ಲ. ಒಂದರ ತುದಿಗೂ ಇನ್ನೊಂದರ ಮೈಗೂ ನಡುವೆ ಸುಮಾರು 20 ನ್ಯಾನೋಮೀಟರಿನ, ಅಂದರೆ ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲಿನಷ್ಟು ಸಂದಿ ಇದೆ. ಸಾಮಾನ್ಯವಾಗಿ ವಿದ್ಯುತ್ತು ಅಲ್ಲಿಗೆ ನಿಲ್ಲುತ್ತದೆ. ಮುಂದಿನ ದಾರಿ ರಾಸಾಯನಿಕದ್ದು. ಈ ಸಂದಿಯನ್ನು ಕಟ್ಟಡದ ಬಿರುಕಿನಂತೆ, ದಾಟಿ ಹೋಗಬೇಕಾದ ಅಡಚಣೆಯಂತೆ ವಿವರಿಸುವುದು ರೂಢಿ. ನನ್ನ ವಾದ ಇದಕ್ಕೆ ತದ್ವಿರುದ್ಧ. ಸುದ್ದಿ ಸಾಗಿಸುವುದೊಂದನ್ನು ಬಿಟ್ಟರೆ ನರಮಂಡಲ ಮಾಡುವ ಕೆಲಸವೆಲ್ಲ, ಅಂದರೆ ತೂಗಿ ನೋಡುವುದು, ತಡೆಯುವುದು, ಕಲಿಯುವುದು, ಬಹುಪಾಲು ನಡೆಯುವುದು ಈ ಸಂದಿಯಲ್ಲೇ.

ಮೊದಲು ವೈರಿನ ಮಾತನ್ನೇ ಪರೀಕ್ಷಿಸೋಣ. ತಾಮ್ರದ ತಂತಿಯಲ್ಲಿ ಸಂಕೇತ ಓಡುವುದು ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ. ನರದ ವೇಗವನ್ನು ಅಳೆಯುವುದು ಮನುಷ್ಯರಿಂದಾಗದ ಕೆಲಸ ಎಂದು ಜರ್ಮನಿಯ ದೊಡ್ಡ ಶರೀರವಿಜ್ಞಾನಿ ಯೋಹಾನೆಸ್ ಮ್ಯೂಲರ್ ಭಾವಿಸಿದ್ದರು. ಅವರ ಶಿಷ್ಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಅದನ್ನು ಅಳೆದೇ ಬಿಟ್ಟರು: ಕಪ್ಪೆಯ ನರದಲ್ಲಿ ಸೆಕೆಂಡಿಗೆ ಸುಮಾರು 27 ಮೀಟರ್. ಹೆದ್ದಾರಿಯ ಕಾರೂ ಅಷ್ಟೇ ವೇಗದಲ್ಲಿ ಓಡುತ್ತದೆ. ಇಷ್ಟು ನಿಧಾನಕ್ಕೆ ಕಾರಣ ಗೊತ್ತಾಗಲು ಇನ್ನೂ ನೂರು ವರ್ಷ ಬೇಕಾಯಿತು. ಸ್ಕ್ವಿಡ್ ಎಂಬ ಕಡಲಜೀವಿಯ ಮೈಯಲ್ಲಿ ಒಂದು ಮಿಲಿಮೀಟರಿನಷ್ಟು ದಪ್ಪನಾದ ನರತಂತುವಿದೆ. ಅಲನ್ ಹಾಜ್‌ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ ಅದರೊಳಗೆ ವಿದ್ಯುದ್ವಾರ ತೂರಿಸಿ, 1952ರ ಹೊತ್ತಿಗೆ ಲೆಕ್ಕ ಬಿಡಿಸಿದರು. ಸುಮ್ಮನಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣಾತ್ಮಕ. ಪೊರೆಯಲ್ಲಿರುವ ಪಂಪುಗಳು ಮೂರು ಸೋಡಿಯಂ ಅಯಾನುಗಳನ್ನು ಹೊರದಬ್ಬಿ ಎರಡು ಪೊಟ್ಯಾಶಿಯಂ ಅಯಾನುಗಳನ್ನು ಒಳಗೆಳೆಯುತ್ತ ಈ ಅಸಮತೋಲವನ್ನು ಸದಾ ಕಾಪಾಡುತ್ತವೆ. ಒಂದು ಮಿತಿ ಮೀರಿ ಕೆಣಕಿದರೆ ಪೊರೆಯ ಸೋಡಿಯಂ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಬೆನ್ನಲ್ಲೇ ಪೊಟ್ಯಾಶಿಯಂ ಹೊರಹೋಗಿ ಸ್ಥಿತಿ ಮರಳುತ್ತದೆ. ಇಷ್ಟಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಪೊರೆಯ ಒಂದು ತುಣುಕಿನಲ್ಲಿ ನಡೆದದ್ದು ಪಕ್ಕದ ತುಣುಕನ್ನು ಕೆಣಕುತ್ತದೆ, ಅದು ಮುಂದಿನದನ್ನು. ಅಂದರೆ ನರದಲ್ಲಿ ವಿದ್ಯುತ್ತು ಈ ತುದಿಯಿಂದ ಆ ತುದಿಗೆ ಹರಿದು ಹೋಗುವುದಿಲ್ಲ, ಹೆಜ್ಜೆಹೆಜ್ಜೆಗೂ ಹೊಸದಾಗಿ ಹುಟ್ಟುತ್ತದೆ. ಹಾಗಾಗಿಯೇ ಕಾಲ್ಬೆರಳಿನಿಂದ ಹೊರಟ ಸಂಕೇತ ಸೊಂಟ ಮುಟ್ಟುವಷ್ಟರಲ್ಲಿ ಸೊರಗುವುದಿಲ್ಲ. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿರುವ ತಂತುಗಳಲ್ಲಿ ಸೆಕೆಂಡಿಗೆ ನೂರು ಮೀಟರನ್ನೂ ಮೀರಿ ಓಡುತ್ತದೆ. ಹೊದಿಕೆಯಿಲ್ಲದ ಸಪೂರ ತಂತುಗಳಲ್ಲಿ ಒಂದು ಮೀಟರಿನಷ್ಟೇ. ಕಲ್ಲಿಗೆ ಎಡವಿದಾಗ ತಾಗಿದ್ದು ಮೊದಲು ಗೊತ್ತಾಗಿ, ಯಾತನೆ ಕ್ಷಣ ಬಿಟ್ಟು ಬರುವುದು ಇದೇ ಕಾರಣಕ್ಕೆ.

ಈ ಸಂಕೇತಕ್ಕೆ ಒಂದು ದೊಡ್ಡ ಮಿತಿಯಿದೆ. ಹುಟ್ಟಿದರೆ ಪೂರ್ತಿ ಹುಟ್ಟುತ್ತದೆ, ಇಲ್ಲವೆಂದರೆ ಇಲ್ಲ. ಕಣ್ಣಿನಿಂದ ಬಂದದ್ದಿರಲಿ, ಹಲ್ಲುನೋವಿನದಿರಲಿ, ಎಲ್ಲ ಮಿಡಿತಗಳೂ ಒಂದೇ ಅಚ್ಚಿನವು. ಹೆಚ್ಚು ಕಡಿಮೆ ಹೇಳಬೇಕಾದರೆ ಸೆಕೆಂಡಿಗೆ ಎಷ್ಟು ಸಲ ಮಿಡಿಯಬೇಕು ಎಂಬುದನ್ನು ಬದಲಿಸಬಹುದು, ಅಷ್ಟೆ. ‘ಬೇಡ’ ಎಂದು ಹೇಳುವ ಮಿಡಿತವೇ ಇಲ್ಲ. ಬರೀ ತಂತಿಗಳನ್ನು ಬೆಸೆದು ಕಟ್ಟಿದ ನರಮಂಡಲದಲ್ಲಿ ಒಂದು ಮೂಲೆಯಲ್ಲಿ ಹೊತ್ತಿದ್ದು ಮೈಯೆಲ್ಲ ಹಬ್ಬುವುದಕ್ಕೆ ತಡೆಯೇನೂ ಇರುತ್ತಿರಲಿಲ್ಲ.

ಆದರೂ ಬೆಸೆದುಕೊಂಡಿವೆ ಎಂದೇ ವಾದಿಸಿದವರು ಸಾಮಾನ್ಯರಲ್ಲ. ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಹಾಕಿ ಅವುಗಳ ಪೂರ್ತಿ ಆಕಾರವನ್ನು ಮೊದಲು ತೋರಿಸಿದ ಇಟಲಿಯ ಕಮಿಲ್ಲೋ ಗಾಲ್ಜಿ ಆ ಪಕ್ಷದವರು. ಅವರದೇ ಬಣ್ಣದ ವಿಧಾನವನ್ನು ಸುಧಾರಿಸಿ ನೋಡಿದ ಸ್ಪೇನಿನ ಸಾಂಟಿಯಾಗೋ ರಮೋನ್ ಇ ಕಹಾಲ್ ಪ್ರತಿ ನರಕೋಶವೂ ಬಿಡಿ ಎಂದರು. 1906ರ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು. ಪ್ರಶಸ್ತಿ ಸ್ವೀಕರಿಸುವ ಭಾಷಣದಲ್ಲಿ ಗಾಲ್ಜಿ ಕಹಾಲರ ಸಿದ್ಧಾಂತವನ್ನು ಖಂಡಿಸಿದ್ದು ವಿಜ್ಞಾನದ ಇತಿಹಾಸದ ಮುಜುಗರದ ಗಳಿಗೆಗಳಲ್ಲೊಂದು. ಚಾರ್ಲ್ಸ್ ಶೆರಿಂಗ್ಟನ್ ಈ ಸಂಧಿಸ್ಥಾನಕ್ಕೆ ಸಿನಾಪ್ಸ್ ಎಂಬ ಹೆಸರನ್ನು 1897ರಲ್ಲೇ ಕೊಟ್ಟಿದ್ದರಾದರೂ ಸಂದಿ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ.

ಸಂದಿ ದಾಟುವುದು ಏನು ಎಂಬುದಕ್ಕೆ ಉತ್ತರ ಕೊಟ್ಟದ್ದು ಎರಡು ಕಪ್ಪೆಗಳ ಹೃದಯ. 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಓಟೋ ಲೂವಿ ಪ್ರಕಟಿಸಿದ ಪ್ರಯೋಗ ಅದು. ದ್ರಾವಣದಲ್ಲಿ ಬಡಿಯುತ್ತಿದ್ದ ಒಂದು ಹೃದಯದ ವೇಗಸ್ ನರವನ್ನು ಪ್ರಚೋದಿಸಿದಾಗ ಬಡಿತ ನಿಧಾನವಾಯಿತು. ಆ ದ್ರಾವಣವನ್ನು ತೆಗೆದು ನರದ ಸಂಪರ್ಕವೇ ಇಲ್ಲದ ಇನ್ನೊಂದು ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಯಿತು. ನರದ ತುದಿಯಿಂದ ಏನೋ ಸುರಿದಿತ್ತು. ಅದು ಅಸೆಟೈಲ್‌ಕೋಲೀನ್ ಎಂಬ ರಾಸಾಯನಿಕ ಎಂದು ಮುಂದೆ ತಿಳಿಯಿತು. (ಈ ಪ್ರಯೋಗದ ಉಪಾಯ ತನಗೆ ಕನಸಿನಲ್ಲಿ ಹೊಳೆಯಿತೆಂದು ಲೂವಿ ಹೇಳಿಕೊಂಡಿದ್ದರು, ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು.) ಹೃದಯದಲ್ಲಿ ನಡೆದೀತು, ಆದರೆ ಮಿದುಳು ಮತ್ತು ಬೆನ್ನುಹುರಿಯಂಥ ಚುರುಕಿನ ಜಾಗದಲ್ಲಿ ಕಿಡಿಯೇ ಹಾರಬೇಕು ಎಂದು ಹಟ ಹಿಡಿದವರಲ್ಲಿ ಆಸ್ಟ್ರೇಲಿಯಾದ ಜಾನ್ ಎಕ್ಲ್ಸ್ ಪ್ರಮುಖರು. ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪ್ಪರ್ ಅವರಿಗೆ ಕೊಟ್ಟ ಸಲಹೆ ಒಳ್ಳೆಯದಿತ್ತು: ನಿಮ್ಮ ಸಿದ್ಧಾಂತವನ್ನು ಪ್ರಯೋಗವೊಂದು ಕೆಡವಬಲ್ಲಷ್ಟು ಖಚಿತವಾಗಿ ಹೇಳಿ. ಎಕ್ಲ್ಸ್ ಹಾಗೇ ಹೇಳಿದರು. 1951ರಲ್ಲಿ ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಬೆಕ್ಕಿನ ಬೆನ್ನುಹುರಿಯ ನರಕೋಶದೊಳಗೆ ಸೂಜಿಮೊನೆಯ ವಿದ್ಯುದ್ವಾರ ಇಳಿಸಿ ಅಳೆದಾಗ, ತಡೆಯುವ ನರ ಮಿಡಿದ ಕ್ಷಣ ಕೋಶದ ಒಳಭಾಗ ಇನ್ನಷ್ಟು ಋಣಾತ್ಮಕವಾಯಿತು. ಅವರ ವಿದ್ಯುತ್ ಸಿದ್ಧಾಂತ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಎಕ್ಲ್ಸ್ ಸೋಲೊಪ್ಪಿ ಪಕ್ಷ ಬದಲಿಸಿದರು. 1963ರಲ್ಲಿ ಹಾಜ್‌ಕಿನ್, ಹಕ್ಸ್‌ಲಿಯರೊಂದಿಗೆ ನೊಬೆಲ್ ಹಂಚಿಕೊಂಡರು.

ಆ ‘ಇನ್ನಷ್ಟು ಋಣಾತ್ಮಕ’ ಎಂಬಲ್ಲಿ ನನ್ನ ವಾದದ ತಿರುಳಿದೆ. ತಂತುವಿನಲ್ಲಿ ಸಾಧ್ಯವಿಲ್ಲದ ‘ಬೇಡ’ ಸಂದಿಯಲ್ಲಿ ಸಾಧ್ಯ. ಮಿಡಿತ ತುದಿ ಮುಟ್ಟಿದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅಲ್ಲಿ ಸಿದ್ಧವಾಗಿರುವ ಪುಟ್ಟ ಗುಳ್ಳೆಗಳು ಪೊರೆಗೆ ಅಂಟಿ ಒಡೆದು ರಾಸಾಯನಿಕವನ್ನು ಸಂದಿಗೆ ಚೆಲ್ಲುತ್ತವೆ. ನರ ಮತ್ತು ಸ್ನಾಯು ಕೂಡುವಲ್ಲಿ ಒಂದೊಂದು ಗುಳ್ಳೆಯಲ್ಲೂ ಸಾವಿರಾರು ಅಸೆಟೈಲ್‌ಕೋಲೀನ್ ಅಣುಗಳಿರುತ್ತವೆ. ಆಚೆ ದಡದ ಗ್ರಾಹಕಗಳು ಅವನ್ನು ಹಿಡಿದುಕೊಳ್ಳುತ್ತವೆ. ಏನಾಗಬೇಕೆಂದು ತೀರ್ಮಾನಿಸುವುದು ಆ ಗ್ರಾಹಕ. ಇದೇ ಅಸೆಟೈಲ್‌ಕೋಲೀನ್ ಕೈಕಾಲಿನ ಸ್ನಾಯುವನ್ನು ಬಿಗಿಯುವಂತೆ ಮಾಡುತ್ತದೆ, ಹೃದಯವನ್ನು ನಿಧಾನಗೊಳಿಸುತ್ತದೆ. ಕಳಿಸಿದ್ದು ಒಂದೇ, ಓದಿಕೊಂಡ ರೀತಿ ಬೇರೆ. ಇನ್ನು ಬೆನ್ನುಹುರಿಯಲ್ಲಿ ಸ್ನಾಯುವಿಗೆ ಅಪ್ಪಣೆ ಕೊಡುವ ಒಂದು ನರಕೋಶದ ಮೈಮೇಲೆ ಇಂಥ ಸುಮಾರು ಹತ್ತು ಸಾವಿರ ಸಿನಾಪ್ಸ್‌ಗಳು ಕೂತಿರುತ್ತವೆ. ಒಂದೊಂದರ ಪ್ರಭಾವ ಸಾಮಾನ್ಯವಾಗಿ ಒಂದು ಮಿಲಿವೋಲ್ಟೂ ಇಲ್ಲ. ಹೂಂ ಎನ್ನುವವು, ಊಹೂಂ ಎನ್ನುವವು ಎಲ್ಲ ಕೂಡಿ ಕಳೆದು ಮಿತಿ ಮೀರಿದರೆ ಮಾತ್ರ ಅದು ಮಿಡಿಯುತ್ತದೆ.

ನರಮಂಡಲದ ಒಟ್ಟು ರಚನೆಯನ್ನು ಈ ಕಣ್ಣಿನಿಂದ ನೋಡಿದರೆ ಪಠ್ಯಪುಸ್ತಕದ ಒಣ ವಿಂಗಡಣೆಗೂ ಅರ್ಥ ಬರುತ್ತದೆ. ಮಿದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರಮಂಡಲ. ಅಲ್ಲಿಂದ ಮೈಗೆಲ್ಲ ಚಾಚಿದ್ದು ಪರಿಧಿ ನರಮಂಡಲ. ಪರಿಧಿಯದು ಮುಖ್ಯವಾಗಿ ಸಾಗಣೆ: ಸಂವೇದನೆ ಒಳಗೆ, ಅಪ್ಪಣೆ ಹೊರಗೆ. ಕೇಂದ್ರದ್ದು ತೂಕ. ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಬಹುಪಾಲು ಹೊರಲೋಕದಿಂದ ನೇರ ಸುದ್ದಿ ತರುವವೂ ಅಲ್ಲ, ಸ್ನಾಯುವಿಗೆ ನೇರ ಅಪ್ಪಣೆ ಕೊಡುವವೂ ಅಲ್ಲ. ಅವು ನಡುವೆ ಕೂತು ಪರಸ್ಪರ ಮಾತಾಡುವವು. ವೈದ್ಯರು ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದನ್ನೇ ನೋಡಿ. ತೊಡೆಯ ಮುಂಭಾಗದ ಸ್ನಾಯು ಹಿಗ್ಗಿದ ಸುದ್ದಿ ಬೆನ್ನುಹುರಿಗೆ ಹೋಗಿ, ಒಂದೇ ಸಿನಾಪ್ಸ್ ದಾಟಿ, ಅದೇ ಸ್ನಾಯುವಿಗೆ ಅಪ್ಪಣೆಯಾಗಿ ಮರಳುತ್ತದೆ. ಅಷ್ಟೇ ಆದರೆ ಸಾಲದು. ತೊಡೆಯ ಹಿಂಭಾಗದ ಸ್ನಾಯು ಸಡಿಲವಾಗದಿದ್ದರೆ ಕಾಲು ಏಳದು. ಅದಕ್ಕಾಗಿ ಅದೇ ಸುದ್ದಿ ನಡುವಿನ ಇನ್ನೊಂದು ನರಕೋಶಕ್ಕೂ ತಲುಪುತ್ತದೆ, ಅದು ಹಿಂಭಾಗದ ಸ್ನಾಯುವಿನ ನರಕೋಶವನ್ನು ತಡೆಯುತ್ತದೆ. ಈ ತಡೆ ಇಲ್ಲವಾದರೆ ಏನಾಗುತ್ತದೆಂಬುದನ್ನು ಧನುರ್ವಾಯು ತೋರಿಸುತ್ತದೆ. ಅದರ ವಿಷ ತಡೆಯುವ ರಾಸಾಯನಿಕ ಹೊರಬರದಂತೆ ಮಾಡುವುದರಿಂದ ಎದುರುಬದುರಿನ ಸ್ನಾಯುಗಳೆಲ್ಲ ಒಟ್ಟಿಗೇ ಬಿಗಿದು ಮೈ ಬಿಲ್ಲಾಗುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ಅದೇ ತಡೆಯ ಗ್ರಾಹಕವನ್ನು ಮುಚ್ಚುತ್ತದೆ, ಪರಿಣಾಮವೂ ಹೆಚ್ಚುಕಡಿಮೆ ಅದೇ. ಒಳಾಂಗಗಳನ್ನು ನಡೆಸುವ ಸ್ವಾಯತ್ತ ನರಮಂಡಲದಲ್ಲೂ ಇದೇ ನೀತಿ. ನರಗಳ ಹಂಗಿಲ್ಲದೆ ಬಿಟ್ಟರೆ ಹೃದಯ ನಿಮಿಷಕ್ಕೆ ಸುಮಾರು ನೂರು ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ ಅದನ್ನು ಎಪ್ಪತ್ತರ ಆಸುಪಾಸಿಗೆ ಇಳಿಸಿಡುವುದು ವೇಗಸ್ ನರದ ನಿರಂತರ ತಡೆ.

ಇದಕ್ಕೆ ಆಕ್ಷೇಪಗಳಿವೆ. ಸಂದಿಯಿಂದ ಸಮಯ ಹಾಳು ಎಂಬುದು ಮೊದಲನೆಯದು. ಹಾಳಾಗುವುದು ಸುಮಾರು ಅರ್ಧ ಮಿಲಿಸೆಕೆಂಡು. ಮಂಡಿಯ ಪ್ರತಿಕ್ರಿಯೆಗೆ ಹಿಡಿಯುವ ಇಪ್ಪತ್ತು ಮಿಲಿಸೆಕೆಂಡಿಗೂ ಮೀರಿದ ಹೊತ್ತಿನಲ್ಲಿ ಹೆಚ್ಚಿನದು ತಂತುಗಳ ಮೇಲಿನ ಪ್ರಯಾಣಕ್ಕೇ ಹೋಗುತ್ತದೆ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ವಿದ್ಯುತ್ತನ್ನೇ ನೇರವಾಗಿ ದಾಟಿಸುವ ಸಿನಾಪ್ಸ್‌ಗಳೂ ಇವೆಯಲ್ಲ? ಇವೆ. 1959ರಲ್ಲಿ ಎಡ್ವಿನ್ ಫರ್ಶ್‌ಪಾನ್ ಮತ್ತು ಡೇವಿಡ್ ಪಾಟರ್ ಕ್ರೇಫಿಶ್ ಎಂಬ ಸಿಹಿನೀರಿನ ಸಿಗಡಿಯಂಥ ಜೀವಿಯಲ್ಲಿ ಅದನ್ನು ತೋರಿಸಿದರು. ನಮ್ಮ ಮಿದುಳಿನಲ್ಲೂ ಅಂಥವಿವೆ. ಆದರೆ ಅವು ಎಲ್ಲಿವೆ ಎಂದು ನೋಡಬೇಕು. ಕ್ರೇಫಿಶ್‌ನಲ್ಲಿ ಇರುವುದು ಬಾಲ ಬಡಿದು ಪರಾರಿಯಾಗುವ ಜಾಲದಲ್ಲಿ. ನಮ್ಮಲ್ಲಿ ಹೆಚ್ಚಾಗಿ ಅನೇಕ ನರಕೋಶಗಳು ಒಂದೇ ತಾಳಕ್ಕೆ ಮಿಡಿಯಬೇಕಾದ ಕಡೆ. ಯೋಚನೆಗೆ ಪುರಸೊತ್ತಿಲ್ಲದ ಅಥವಾ ಒಮ್ಮತವೇ ಬೇಕಾದ ಜಾಗಕ್ಕೆ ಪ್ರಕೃತಿ ಬೆಸುಗೆಯನ್ನು ಇಟ್ಟುಕೊಂಡಿದೆ ಎಂದಾಯಿತು. ಇದು ನನ್ನ ವಾದವನ್ನು ಕೆಡಿಸುವುದಿಲ್ಲ. ಮೂರನೆಯದು ತೀರ ಇತ್ತೀಚಿನದು. 2023ರಲ್ಲಿ ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದ ತಂಡ ಕೋಂಬ್ ಜೆಲ್ಲಿ ಎಂಬ ಕಡಲಜೀವಿಯ ಮರಿಯ ನರಜಾಲವೊಂದರಲ್ಲಿ ಕೋಶಗಳು ಸಂದಿಯಿಲ್ಲದೆ ಒಂದರೊಳಗೊಂದು ಬೆಸೆದುಕೊಂಡಿವೆ ಎಂದು ತೋರಿಸಿತು. ಗಾಲ್ಜಿ ಇದ್ದಿದ್ದರೆ ಹಿಗ್ಗುತ್ತಿದ್ದರು. ಸಂದಿಯಿಲ್ಲದೆಯೂ ನರಜಾಲ ಸಾಧ್ಯ ಎಂಬುದನ್ನು ಇದು ಸಾಬೀತು ಮಾಡಿತು ನಿಜ. ಆದರೆ ಅದೇ ಜೀವಿಯಲ್ಲೂ ಆ ಜಾಲ ಬೇರೆ ಕೋಶಗಳೊಂದಿಗೆ ಮಾತಾಡುವ ಕಡೆ ಸಿನಾಪ್ಸ್ ಇದೆ. ದೊಡ್ಡ ಮಿದುಳು ಕಟ್ಟಿದ ಯಾವ ಪ್ರಾಣಿಯೂ ಬರೀ ಬೆಸುಗೆಯನ್ನು ನೆಚ್ಚಿಕೊಂಡಿಲ್ಲ.

ಕಲಿಕೆಯ ಸಾಕ್ಷ್ಯವಂತೂ ನೇರವಾಗಿದೆ. ಅಪ್ಲೀಸಿಯಾ ಎಂಬ ಕಡಲ ಬಸವನಹುಳುವಿಗೆ ಇರುವುದು ಸುಮಾರು 20,000 ನರಕೋಶ. ಮೈ ಮುಟ್ಟಿದರೆ ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮೆಲ್ಲಗೆ ಮುಟ್ಟುತ್ತಿದ್ದರೆ ಅಪಾಯವಿಲ್ಲವೆಂದು ಕಲಿತು ಸುಮ್ಮನಾಗುತ್ತದೆ. ಎರಿಕ್ ಕ್ಯಾಂಡೆಲ್ ಮತ್ತು ಸಂಗಡಿಗರು ಆ ಕಲಿಕೆ ಎಲ್ಲಿ ಕೂತಿದೆ ಎಂದು ಹುಡುಕಿದರು. ಮುಟ್ಟಿದ್ದನ್ನು ತಿಳಿಸುವ ನರಕೋಶ ಮೊದಲಿನಂತೆಯೇ ಮಿಡಿಯುತ್ತಿತ್ತು. ಬದಲಾಗಿದ್ದು ಅದರ ತುದಿಯಿಂದ ಚೆಲ್ಲುವ ರಾಸಾಯನಿಕದ ಪ್ರಮಾಣ. ಬಾಲಕ್ಕೆ ಶಾಕ್ ಕೊಟ್ಟು ಬೆಚ್ಚಿಸಿದರೆ ಅದೇ ತುದಿ ಮೊದಲಿಗಿಂತ ಹೆಚ್ಚು ಚೆಲ್ಲುತ್ತಿತ್ತು. 2000ದ ನೊಬೆಲ್‌ನಲ್ಲಿ ಕ್ಯಾಂಡೆಲ್‌ಗೆ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ.

ಕೊನೆಯ ಸಾಕ್ಷ್ಯ ವಿಷಗಳದ್ದು. ತಂತುವನ್ನೇ ಕೆಡಿಸುವ ವಿಷಗಳೂ ಇವೆ. ಪಫರ್ ಮೀನಿನ ವಿಷ ಸೋಡಿಯಂ ಬಾಗಿಲನ್ನೇ ಮುಚ್ಚುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಜೀವ ತೆಗೆಯುವ ನರವಿಷಗಳು ಗುರಿಯಿಡುವುದು ಸಂದಿಗೆ. ಆರ್ಗನೋಫಾಸ್ಫೇಟ್ ಕೀಟನಾಶಕಗಳು ಅಸೆಟೈಲ್‌ಕೋಲೀನನ್ನು ಒಡೆದು ಸಂದಿಯನ್ನು ಗುಡಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಅಪ್ಪಣೆ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು ಸುರಿದು, ಕಣ್ಣಪಾಪೆ ಕಿರಿದಾಗಿ, ಶ್ವಾಸನಾಳದಲ್ಲಿ ದ್ರವ ತುಂಬಿ ಕಡೆಗೆ ಸ್ನಾಯುಗಳೇ ಸೋಲುತ್ತವೆ. ನಾಗರಹಾವಿನ ನರವಿಷ ಸ್ನಾಯುವಿನ ದಡದ ಗ್ರಾಹಕವನ್ನು ಆಕ್ರಮಿಸುತ್ತದೆ. ಕಟ್ಟುಹಾವಿನದು ಮುಖ್ಯವಾಗಿ ನರದ ತುದಿಯನ್ನೇ ಹಾಳುಗೆಡವುತ್ತದೆ. ಪ್ರತಿವಿಷ ಹೊಸ ಹಾನಿಯನ್ನು ತಡೆಯಬಲ್ಲದೇ ಹೊರತು ಹಾಳಾದ ತುದಿಯನ್ನು ಸರಿಮಾಡಲಾರದು. ಆ ತುದಿಗಳು ಮತ್ತೆ ಚಿಗುರಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಲ್ಲಿಯವರೆಗೆ ಉಸಿರಾಟವನ್ನು ವೆಂಟಿಲೇಟರ್ ನಡೆಸಿದರೆ ಮನುಷ್ಯ ಬದುಕಬಲ್ಲ. ಕಟ್ಟುಹಾವು ಹೆಚ್ಚಾಗಿ ಕಡಿಯುವುದು ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಕಡಿದ ಜಾಗದಲ್ಲಿ ನೋವು, ಬಾವು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನೆಲದ ಮೇಲೆ ಮಲಗಿದ್ದವರು ಬೆಳಗ್ಗೆ ಎದ್ದಾಗ ಹೊಟ್ಟೆನೋವು, ಜೋತುಬೀಳುವ ರೆಪ್ಪೆ, ತೊದಲುವ ಮಾತು ಕಂಡರೆ ಗಾಯ ಹುಡುಕುತ್ತ, ನಾಟಿಮದ್ದು ಕಾಯುತ್ತ ಕೂರಬೇಡಿ. ವೆಂಟಿಲೇಟರ್ ಇರುವ ಆಸ್ಪತ್ರೆಗೆ ಕೂಡಲೇ ಕರೆದುಕೊಂಡು ಹೋಗಿ.