ಅಕ್ಕಡಿ ಸಾಲಿನಿಂದ ಅಡಿಗೆಮನೆಗೆ: ಅಂಬಲಿ, ಮಜ್ಜಿಗೆ ಮತ್ತು ಹುಚ್ಚೆಳ್ಳು ಚಟ್ನಿ

ರಾಗಿ ಬೆಳೆಯುವ ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ, ಹಾಸನ ಸೀಮೆಗಳಲ್ಲಿ ಒಂದು ಹೊಲವೆಂದರೆ ಒಂದೇ ಬೆಳೆಯಲ್ಲ. ಕೂರಿಗೆಯ ಹಿಂದೆ ಸಡ್ಡೆ ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು ಮುಂತಾದ ಅಕ್ಕಡಿ ಬೀಜಗಳನ್ನು ಬಿಡುವುದು ನಮ್ಮ ಹಿರಿಯರ ರೂಢಿ. ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ನೆಂಚಿಕೊಳ್ಳಲು ಚಟ್ನಿ, ಇವೆಲ್ಲವೂ ಆ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದವು.

ಯಂತ್ರದ ಕೊಯ್ಲಿಗೆ ಅಡ್ಡಿಯಾಗುತ್ತದೆಂದು ಈಗ ಅನೇಕರು ಅಕ್ಕಡಿ ಸಾಲುಗಳನ್ನು ಬಿಟ್ಟಿದ್ದಾರೆ. ಒಮ್ಮೆ ರಾಗಿಯ ತಾಕನ್ನು ನೋಡಲು ಹೋಗಿದ್ದಾಗ ಆ ಮನೆಯ ಹಿರಿಯಾಕೆ ನನ್ನನ್ನು ಕೇಳಿದರು: ರಾಗಿಯೇನೋ ಚೆನ್ನಾಗಿ ಬಂದಿದೆ, ಆದರೆ ಮುದ್ದೆಗೆ ನೆಂಚಿಕೊಳ್ಳಲು ಈ ಹೊಲದಲ್ಲಿ ಏನಿದೆ? ನಾನು ಉತ್ತರಿಸಲು ತಡವರಿಸಿದೆ. ಎಕರೆಗೆ ಎಷ್ಟು ಕ್ವಿಂಟಾಲ್ ಎಂದು ಲೆಕ್ಕ ಹಾಕುವ ನಾವು ತಟ್ಟೆಯ ಲೆಕ್ಕವನ್ನು ಮರೆಯಬಾರದು. ಆದ್ದರಿಂದ ಹೊಲದ ಬೆಳೆಯಿಂದಲೇ ಮನೆಯಲ್ಲಿ ಸುಲಭವಾಗಿ ಮಾಡಬಹುದಾದ ಎರಡು ಪಾನೀಯಗಳನ್ನೂ ಒಂದು ವ್ಯಂಜನವನ್ನೂ ಇಲ್ಲಿ ವಿವರಿಸಿದೆ.

ರಾಗಿ ಅಂಬಲಿ (ನಾಲ್ಕು ಜನರಿಗೆ)

ಬೇಕಾಗುವ ಪದಾರ್ಥಗಳು: ರಾಗಿ ಹಿಟ್ಟು 100 ಗ್ರಾಂ, ನೀರು ಒಂದೂಕಾಲು ಲೀಟರ್, ಮಜ್ಜಿಗೆ ಅರ್ಧ ಲೀಟರ್, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಕೊತ್ತಂಬರಿ ಸೊಪ್ಪು, ರುಚಿಗೆ ಉಪ್ಪು.

ಮಾಡುವ ವಿಧಾನ: ಹಿಂದಿನ ರಾತ್ರಿ ಹಿಟ್ಟನ್ನು ಕಾಲು ಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಮಣ್ಣಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಮುಚ್ಚಿಡಿ. ಬೆಳಿಗ್ಗೆ ಉಳಿದ ನೀರನ್ನು ಕುದಿಸಿ, ಈ ಹುಳಿಹಿಟ್ಟನ್ನು ಸುರಿದು, ತಳ ಹಿಡಿಯದಂತೆ ತಿರುವುತ್ತ ಎಂಟು ಹತ್ತು ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು, ಈರುಳ್ಳಿ, ಕೊತ್ತಂಬರಿ ಬೆರೆಸಿ. ರಾತ್ರಿ ನೆನೆದ ಹಿಟ್ಟಿನಲ್ಲಿ ಬೂಷ್ಟು ಅಥವಾ ಕೆಟ್ಟ ವಾಸನೆ ಕಂಡರೆ ಚೆಲ್ಲಿಬಿಡಿ.

ಹಿಟ್ಟನ್ನು ರಾತ್ರಿ ಹುಳಿಯಲು ಬಿಡುವುದು ರುಚಿಗೆ ಮಾತ್ರವಲ್ಲ. ರಾಗಿಯಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ ಮತ್ತು ಸುಣ್ಣದ ಅಂಶಗಳು ದೇಹಕ್ಕೆ ದಕ್ಕದಂತೆ ತಡೆಯುತ್ತದೆ. ಹುಳಿಯುವಾಗ ಈ ಆಮ್ಲದ ಪ್ರಮಾಣ ಕಡಿಮೆಯಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದು 10 ಮಿಲಿಗ್ರಾಂನ ಆಸುಪಾಸು. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಇದು ಮುಖ್ಯ. ಅಂಬಲಿ ಅಥವಾ ಊಟದ ಹಿಂದೆಯೇ ಟೀ ಕುಡಿಯಬೇಡಿ. ಟೀಯಲ್ಲಿರುವ ಒಗರು ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ದಕ್ಕುತ್ತದೆ.

ನೀರು ಮಜ್ಜಿಗೆ

ಒಂದು ಪಾಲು ಮೊಸರಿಗೆ ನಾಲ್ಕು ಪಾಲು ಕಾಯಿಸಿ ಆರಿಸಿದ ನೀರು ಬೆರೆಸಿ ಕಡೆಯಿರಿ. ಜಜ್ಜಿದ ಶುಂಠಿ, ಕರಿಬೇವು, ಚಿಟಿಕೆ ಇಂಗು, ಉಪ್ಪು ಸೇರಿಸಿ. ಕಡು ಬಿಸಿಲಿನಲ್ಲಿ ಬಲವಾಗಿ ದುಡಿಯುವವರ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೂ ಬೆವರು ಹೋಗಬಹುದು. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ತಲೆಸುತ್ತು, ಸೆಳೆತ ಬರುವುದಕ್ಕೆ ಇದೂ ಒಂದು ಕಾರಣ. ಬಾಯಾರುವ ತನಕ ಕಾಯದೆ ಆಗಾಗ್ಗೆ ಒಂದೊಂದು ಲೋಟ ಕುಡಿಯಬೇಕು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರ ಮಾತಿನಂತೆ ನಡೆಯತಕ್ಕದ್ದು.

ಹುಚ್ಚೆಳ್ಳು ಚಟ್ನಿ ಪುಡಿ

ಬೇಕಾಗುವ ಪದಾರ್ಥಗಳು: ಹುಚ್ಚೆಳ್ಳು ಒಂದು ಬಟ್ಟಲು, ಒಣ ಮೆಣಸಿನಕಾಯಿ 8, ಬೆಳ್ಳುಳ್ಳಿ 10 ಎಸಳು, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಿಸೆಹಣ್ಣು, ಜೀರಿಗೆ ಒಂದು ಚಮಚ, ಕರಿಬೇವು, ಉಪ್ಪು.

ಮಾಡುವ ವಿಧಾನ: ಕಾಳನ್ನು ಕಲ್ಲು ಮಣ್ಣಿಲ್ಲದಂತೆ ಕೇರಿ ಆರಿಸಿ, ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಿರಿ. ಸೀದರೆ ಕಹಿಯಾಗುತ್ತದೆ. ಮೆಣಸಿನಕಾಯಿ, ಜೀರಿಗೆ, ಕರಿಬೇವುಗಳನ್ನು ಬೇರೆಯಾಗಿ ಹುರಿದುಕೊಳ್ಳಿ. ಎಲ್ಲ ಆರಿದ ಮೇಲೆ ಉಪ್ಪು, ಹುಣಿಸೆ, ಬೆಳ್ಳುಳ್ಳಿ ಸೇರಿಸಿ ತರಿತರಿಯಾಗಿ ಕುಟ್ಟಿ. ಈ ಕಾಳಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯೂ ಐದನೆಯ ಒಂದು ಪಾಲಿನಷ್ಟು ಸಸಾರಜನಕವೂ ಇವೆ. ಎಣ್ಣೆ ಹೆಚ್ಚಿರುವುದರಿಂದ ಪುಡಿ ಬೇಗ ಕಮಟಾಗುತ್ತದೆ. ಆದುದರಿಂದ ಒಂದೆರಡು ವಾರಕ್ಕೆ ಸಾಕಾಗುವಷ್ಟನ್ನೇ ಮಾಡಿ, ತೇವ ತಗಲದಂತೆ ಮುಚ್ಚಿಡಿ. ಮುದ್ದೆಗೂ ರೊಟ್ಟಿಗೂ ಇದು ಹೊಂದುತ್ತದೆ.

ಎಚ್ಚರಿಕೆಗಳು

1. ಬಿತ್ತನೆಗಾಗಿ ಔಷಧಿ ಲೇಪಿಸಿದ ಬೀಜ ಉಳಿದರೆ ಎಂದಿಗೂ ಅಡಿಗೆಗೆ ಬಳಸಬಾರದು. ತೊಳೆದರೂ, ಹುರಿದರೂ ವಿಷ ಹೋಗುವುದಿಲ್ಲ. ಅಡಿಗೆಯ ಕಾಳನ್ನು ಬೇರೆ ಡಬ್ಬಿಯಲ್ಲಿ ಬೇರೆ ಜಾಗದಲ್ಲಿಡಿ.

2. ಕೀಟನಾಶಕದ ಖಾಲಿ ಡಬ್ಬಿಯಲ್ಲಿ ನೀರು, ಮಜ್ಜಿಗೆ ಒಯ್ಯಬೇಡಿ.

3. ಹುಳಿ ಪದಾರ್ಥಗಳನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಇಡಬೇಡಿ.

4. ಔಷಧಿ ಸಿಂಪಡಿಸುವ ದಿನ ಕೈ, ಮುಖಗಳನ್ನು ಸಾಬೂನಿನಿಂದ ತೊಳೆದ ಮೇಲೆಯೇ ತಿನ್ನುವುದು, ಕುಡಿಯುವುದು.

ಬರುವ ಮುಂಗಾರಿಗೆ ಏನು ಮಾಡಬೇಕು?

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ಪರಿಚಿತ ಶಿಫಾರಸು. ಯಂತ್ರದಿಂದಲೇ ಕೊಯ್ಲು ಮಾಡುವವರು ಹೊಲದ ನಡುವೆ ಸಾಲು ಬೇಡವೆನ್ನುವುದಾದರೆ, ಅಂಚಿನ ಸುತ್ತಲಾದರೂ ಎರಡು ಸಾಲು ಹುಚ್ಚೆಳ್ಳು ಹಾಕಬಹುದು. ಬೀಜ ಸಣ್ಣದಾದ್ದರಿಂದ ಮರಳು ಬೆರೆಸಿ ಬಿತ್ತಿ. ಒತ್ತಾಗಿ ಹುಟ್ಟಿದ ಕಡೆ ಸಸಿ ಕಿತ್ತು ತೆಳುಮಾಡಿ. ದನಕರುಗಳು ಇದನ್ನು ಅಷ್ಟಾಗಿ ಮೇಯುವುದಿಲ್ಲವಾದ್ದರಿಂದ ಅಂಚಿಗೆ ಒಳ್ಳೆಯ ಬೆಳೆ. ಹಳದಿ ಹೂವಿಗೆ ಜೇನುನೊಣ ಬರುತ್ತದೆ; ಕಾಳು ಕಟ್ಟಲು ಅದು ಅಗತ್ಯ. ತೆನೆ ಕಂದು ಬಣ್ಣಕ್ಕೆ ತಿರುಗಿದಾಗ ತಡಮಾಡದೆ ಬೆಳಗಿನ ತಂಪಿನಲ್ಲಿ ಕೊಯ್ಯಿರಿ, ಇಲ್ಲವಾದರೆ ಕಾಳು ಉದುರುತ್ತದೆ.

ಅಂಚಿನ ಎರಡು ಸಾಲಿನಿಂದ ರಾಗಿಯ ಇಳುವರಿಗೆ ಆಗುವ ನಷ್ಟ ಅಲ್ಪ. ಮನೆಯವರು ವರ್ಷವಿಡೀ ಅಂಗಡಿಯ ಪೊಟ್ಟಣಕ್ಕೆ ಕೈಯೊಡ್ಡದೆ ಊಟ ಮಾಡುವಂತಾದರೆ ಅದೂ ಇಳುವರಿಯೇ. ಈ ಸಲ ಬಿತ್ತನೆಗೆ ಮೊದಲು ಮನೆಯ ಹೆಣ್ಣುಮಕ್ಕಳನ್ನು ಒಮ್ಮೆ ಕೇಳಿ: ನೆಂಚಿಕೊಳ್ಳಲು ಏನು ಬಿತ್ತೋಣ?